ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಅಪ್ಪ-ಅವ್ವನ ಜೊತೆ ಊಟ ಎಲ್ಲಿ ಮಾಡೋದು?

ವಿದ್ಯಾನಗರ ನಿವಾಸಿ

ದಾವಣಗೆರೆ, ದುರ್ಗದ ಎಲ್ಲರಿಗೂ ನಮಸ್ಕಾರ. ಸಿಂಗಪುರಕ್ಕೆ ಹೋಗಿ ಬಂದವರು, ಅಲ್ಲೇ ಇರುವವರು ಸ್ವಲ್ಪ ದಾರಿ ತೋರಿಸಿ.

ಮುಂದಿನ ತಿಂಗಳು ನಮ್ಮ ಕಂಪನಿಯ ಸಮ್ಮೇಳನ ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಇದೆ. ನನ್ನ ಕೋಣೆ ಕಂಪನಿ ಲೆಕ್ಕ. ಅಪ್ಪ, ಅವ್ವನಿಗೆ ಇನ್ನೊಂದು ಕೋಣೆ ನಾನು ಹಿಡಿದಿದ್ದೇನೆ. ಹೆಂಡತಿ, ಏಳು ವರ್ಷದ ಮಗಳೂ ಬರುತ್ತಾರೆ. ಅಪ್ಪ-ಅವ್ವ ದೂರ ಅಂತ ಹೋಗಿದ್ದು ಕಾಶಿಗೆ ಮಾತ್ರ. ವಿಮಾನ ಹತ್ತೋದು ಇದೇ ಮೊದಲು. ಒಂದು ಸಲ ಕರೆದುಕೊಂಡು ಹೋಗಿ ತೋರಿಸಬೇಕು ಅಂತ ಬಹಳ ದಿನದ ಆಸೆ.

ತೊಂದರೆ ಎಲ್ಲಾ ಊಟದ್ದು. ಹೋಟೆಲ್‌ನ ವೆಬ್‌ಸೈಟ್ ತೆಗೆದರೆ ಊಟದ ಜಾಗಗಳ ಪಟ್ಟಿ ಮುಗಿಯೋದೇ ಇಲ್ಲ. ಜಪಾನಿ, ಇಟಾಲಿಯನ್, ಚೀನಿ, ಮೇಲಿನ ಮಹಡಿ, ಕೆಳಗಿನ ಮಹಡಿ. ಯಾವುದು ಯಾರಿಗೆ ಅಂತ ಗೊತ್ತಾಗುತ್ತಿಲ್ಲ. ಹಗಲು ನಾನು ಸಭೆಯಲ್ಲಿ ಇರುತ್ತೇನೆ. ಮಧ್ಯಾಹ್ನದ ಊಟ ನನ್ನ ಹೆಂಡತಿಯೇ ಎಲ್ಲರಿಗೂ ನೋಡಿಕೊಳ್ಳಬೇಕು.

ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋಕಾಗಲ್ಲ. ಇಬ್ಬರೂ ಮೊಟ್ಟೆ ಕೂಡ ಮುಟ್ಟಲ್ಲ. ಬೆಳಗ್ಗೆ ಲಿಂಗಪೂಜೆ ಆಗದೆ ಅವ್ವ ಏನೂ ತಿನ್ನಲ್ಲ. ಇದರ ಮೇಲೆ, ಅಲ್ಲಿ ಕ್ಯಾಸಿನೊ ಇದೆ ಅಂತ ಯಾರೋ ಅಪ್ಪನ ಕಿವಿಗೆ ಹಾಕಿದ್ದಾರೆ. "ಜೂಜಾಡೋ ಮನೇಲಿ ನಾನು ಉಣ್ಣಲ್ಲ" ಅಂತ ಹಟ ಹಿಡಿದಿದ್ದಾರೆ.

ಏನು ಮಾಡಬೇಕು ಹೇಳಿ.

ಮಂಡಕ್ಕಿ ಮೆಣಸಿನಕಾಯಿ

ಅಲ್ಲೇ ಶಾಪ್ಸ್ ಅನ್ನೋ ಮಾಲ್‌ನಲ್ಲಿ ಪಂಜಾಬ್ ಗ್ರಿಲ್ ಅಂತ ಇದೆ ಅಣ್ಣ. ರೊಟ್ಟಿ, ದಾಲ್, ಪನೀರ್ ಎಲ್ಲಾ ಸಿಗುತ್ತೆ. ಊರಿಂದಲೇ ಟೇಬಲ್ ಬುಕ್ ಮಾಡಿಬಿಡಿ, ಚಿಂತೆ ಬೇಡ.

ಚಂದ್ರವಳ್ಳಿ

ಪಂಜಾಬ್ ಗ್ರಿಲ್ ಒಳ್ಳೆಯದೇ. ಆದರೆ ದಿನಾ ಎರಡು ಹೊತ್ತು ಅಲ್ಲೇ ಉಂಡರೆ ಜೇಬೂ ತಡೆಯಲ್ಲ, ವಯಸ್ಸಾದವರ ಹೊಟ್ಟೆಯೂ ತಡೆಯಲ್ಲ. ಬೆಣ್ಣೆ, ಕೆನೆ, ಗೋಡಂಬಿ ಹಾಕಿದ ಊಟ ಅದು. ಒಂದು ರಾತ್ರಿಗೆ ಚೆಂದ.

ನನ್ನ ಮಗಳು ಅಳಿಯ ಸಿಂಗಪುರದಲ್ಲೇ ಇದ್ದಾರೆ. ಆಗಾಗ ಹೋಗಿ ಇದ್ದು ಬರುತ್ತೇನೆ. ದುರ್ಗದಿಂದ ಬಂದ ನೆಂಟರನ್ನು ಆ ಕಟ್ಟಡಕ್ಕೆ ಕರೆದುಕೊಂಡು ಹೋಗೋದು ನನ್ನ ಪಾಲಿಗೇ ಬರುತ್ತೆ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ ಜಾಗ ಹೇಗಿದೆ ಅಂತ ತಿಳ್ಕೊಳ್ಳಿ. 2010ರಲ್ಲಿ ಶುರುವಾಗಿದ್ದು. ಮೂರು ದೊಡ್ಡ ಗೋಪುರ, ಮೂರನ್ನೂ ಸೇರಿಸಿ ತಲೆ ಮೇಲೆ ಒಂದು ಹಡಗಿನಂಥ ತೋಟ. ಕೋಣೆಗಳು ಗೋಪುರದಲ್ಲಿ. ಗೋಪುರದ ಮುಂದೆ, ರಸ್ತೆಯ ಆಚೆ ಬದಿಗೆ, ನೀರಿನ ದಡದಲ್ಲಿ ಶಾಪ್ಸ್ ಅನ್ನೋ ಮಾಲ್. ಸಮ್ಮೇಳನದ ಸಭಾಂಗಣ, ರಂಗಮಂದಿರ, ಕ್ಯಾಸಿನೊ ಎಲ್ಲಾ ಆ ಕಡೆಗೇ. ಊಟದ ಜಾಗಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಇವೆ. ಕೋಣೆಯಿಂದ ಇಳಿದು, ಲಾಬಿ ದಾಟಿ, ಮಾಲ್‌ಗೆ ಹೋಗಿ, ಆ ತುದಿಯ ಹೋಟೆಲ್ ಮುಟ್ಟೋಕೆ ಗಟ್ಟಿಮುಟ್ಟಾದವರಿಗೇ ಹತ್ತು-ಹದಿನೈದು ನಿಮಿಷ. ನಿಮ್ಮ ಅವ್ವನಿಗೆ ಇನ್ನೂ ಜಾಸ್ತಿ. ಹಾಗಾಗಿ ಹೆಸರು, ಫೋಟೋ ನೋಡಿ ಆರಿಸಬೇಡಿ. ನಕ್ಷೆ ಇಟ್ಟುಕೊಂಡು ಆರಿಸಿ. ಯಾವ ಗೋಪುರ, ಲಿಫ್ಟ್ ಎಲ್ಲಿ, ಎಸ್ಕಲೇಟರ್ ಎಲ್ಲಿ. ಅವ್ವ ನಡೆದು ತಲುಪೋಕಾಗದ ಹೋಟೆಲ್ ಎಷ್ಟು ದೊಡ್ಡ ಹೆಸರಿನದಾದರೂ ನಿಮಗೆ ಉಪಯೋಗಕ್ಕೆ ಬರಲ್ಲ.

ಇನ್ನು ನಿಮ್ಮ ಅಪ್ಪಾಜಿ ಮಾತು. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಆದರೆ ಸಮಾಧಾನ ಹೇಳಬಹುದು. ಕ್ಯಾಸಿನೊಗೆ ಬೇರೆಯದೇ ಬಾಗಿಲು, ಬೇರೆಯದೇ ಕಾವಲು. ಹೊರಗಿನವರು ಪಾಸ್‌ಪೋರ್ಟ್ ತೋರಿಸದೆ ಒಳಗೆ ಕಾಲಿಡೋಕಾಗಲ್ಲ. 21 ತುಂಬದವರನ್ನು ಬಿಡೋದೇ ಇಲ್ಲ. ಅಲ್ಲಿನ ಸರ್ಕಾರ ತನ್ನ ಪ್ರಜೆಗಳು ಜೂಜಿಗೆ ಬೀಳಬಾರದು ಅಂತ ಪ್ರವೇಶಕ್ಕೇ ಸುಂಕ ಹಾಕಿದೆ. ಮೊದಲು 100 ಸಿಂಗಪುರ ಡಾಲರ್ ಇತ್ತು, 2019ರಿಂದ 150 ಡಾಲರ್, ಅದೂ ಒಂದೇ ದಿನಕ್ಕೆ. ಮಾಲ್‌ನಲ್ಲಿ ಓಡಾಡಿ, ಉಂಡು, ಕೋಣೆಗೆ ವಾಪಸ್ ಬರೋವರೆಗೆ ಒಂದು ಇಸ್ಪೀಟ್ ಎಲೆಯೂ ಅವರ ಕಣ್ಣಿಗೆ ಬೀಳಲ್ಲ. ಕ್ಯಾಸಿನೊ ಒಳಗೂ ಊಟಕ್ಕೆ ಜಾಗ ಇರುತ್ತೆ. ಅದನ್ನು ಲೆಕ್ಕಕ್ಕೇ ತಗೋಬೇಡಿ.

ಬಾತಿ ಗುಡ್ಡ

ಚಂದ್ರವಳ್ಳಿ ಸರ್ ಸರಿಯಾಗಿ ಹೇಳಿದರು. ಅಪ್ಪಾಜಿಯವರ ಮಾತಿಗೆ ಬೆಲೆ ಕೊಡಿ. ನಮ್ಮ ಕಡೆ ಇಸ್ಪೀಟಿಗೆ ಹೊಲ ಕಳೆದುಕೊಂಡವರ ಮನೆ ಎಲ್ಲರೂ ನೋಡಿದ್ದೇವೆ. 2007ರಲ್ಲಿ ಲಾಟರಿ ನಿಲ್ಲಿಸಿದಾಗ ನಮ್ಮ ಓಣಿಯ ಹೆಂಗಸರು ಎಷ್ಟು ಖುಷಿಪಟ್ಟಿದ್ದರು ಅಂತ ನನಗೆ ಇನ್ನೂ ನೆನಪಿದೆ. ಆ ತಲೆಮಾರಿನವರಿಗೆ ಜೂಜು ಅಂದರೆ ಮನೆ ಮುರಿಯೋ ವಿಷಯ. ಮೊದಲೇ ಕೂರಿಸಿ ಹೇಳಿ, ನಕ್ಷೆ ತೋರಿಸಿ. ಅಲ್ಲಿ ಹೋಗಿ ನೋಡಿಕೊಳ್ಳೋಣ ಅಂತ ಬಿಡಬೇಡಿ.

ಕೋಟೆನಾಡು

ನಾನು ಚಿತ್ರದುರ್ಗದವನು, ಈಗ ಅಮೆರಿಕದಲ್ಲಿದ್ದೇನೆ. ಲಾಸ್ ವೇಗಸ್ ನೋಡಿದವರು ಸಿಂಗಪುರವೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಿಲ್ಲ. ವೇಗಸ್‌ನ ಹಳೆಯ ದೊಡ್ಡ ಹೋಟೆಲ್‌ಗಳಲ್ಲಿ ಊಟಕ್ಕೆ ಹೋಗಬೇಕಂದರೂ ಜೂಜಿನ ಯಂತ್ರಗಳ ಸಾಲಿನ ಮಧ್ಯವೇ ದಾರಿ. ಬೇಕಂತಲೇ ಹಾಗೆ ಕಟ್ಟಿದ್ದಾರೆ. ಮೊದಲೆಲ್ಲ ಅಲ್ಲಿ ಬಫೆ ಅಗ್ಗ, ಜನರನ್ನು ಆಟಕ್ಕೆ ಎಳೆಯೋಕೆ ಊಟ ಒಂದು ಗಾಳ. 2020ರ ಕೊರೊನಾ ಆದ ಮೇಲೆ ಬಹಳಷ್ಟು ಬಫೆ ಮತ್ತೆ ತೆರೆಯಲೇ ಇಲ್ಲ. ಉಳಿದಿರೋ ದೊಡ್ಡವು ಈಗ ದುಬಾರಿ. ಸಿಂಗಪುರದಲ್ಲಿ ಊಟವೇ ಬೇರೆ, ಆಟವೇ ಬೇರೆ. ಅಪ್ಪಾಜಿಗೆ ಧೈರ್ಯವಾಗಿ ಹೇಳಿ.

ಹರಿಹರದ ಹೊಳೆ

ಜಾಗದ ವಿಷಯ ಆಯ್ತು. ನಾನು ತಟ್ಟೆಯಲ್ಲಿ ಏನಿರುತ್ತೆ ಅಂತ ಹೇಳುತ್ತೇನೆ. ಮೊಟ್ಟೆ ಮುಟ್ಟದವರಿಗೆ ಇದು ಬಹಳ ಮುಖ್ಯ. ನಾನು ಸಿಂಗಪುರದಲ್ಲಿ ಕೆಲಸ ಮಾಡಿದ್ದೆ. ಅಡುಗೆಮನೆಯವರನ್ನು ಕೇಳಿ ಕೇಳಿ ಕಲಿತದ್ದು ಇದು.

"ವೆಜಿಟೇರಿಯನ್" ಅಂತ ಕೇಳಿದರೆ ಅಲ್ಲಿನ ಹುಡುಗ "ಯೆಸ್" ಅಂತಾನೆ. ಮೋಸ ಮಾಡಬೇಕು ಅಂತಲ್ಲ. ಮಾಂಸದ ತುಂಡು ಇಲ್ಲ ಅಂದರೆ ಅವನ ಲೆಕ್ಕಕ್ಕೆ ಅದು ವೆಜ್. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ ಸಾಸ್ ಬಿದ್ದಿರುತ್ತೆ. ಥಾಯ್ ಊಟದಲ್ಲಿ ಮೀನಿನ ಸಾಸ್. ಲಕ್ಸಾ ನೋಡೋಕೆ ನಮ್ಮ ತೆಂಗಿನಕಾಯಿ ಸಾರಿನಂತೆ ಕಾಣುತ್ತೆ, ಆದರೆ ಮಸಾಲೆಯಲ್ಲೇ ಒಣ ಸಿಗಡಿ ಅರೆದಿರುತ್ತಾರೆ. ಸಾಂಬಾಲ್ ಅಂತ ಕೆಂಪು ಚಟ್ನಿ ಕೊಡುತ್ತಾರೆ. ನಮ್ಮ ರಂಜಕದ ಥರ ಇದೆಯಲ್ಲ ಅಂತ ಅವ್ವ ಕೈ ಹಾಕಬಹುದು. ಅದರಲ್ಲಿ ಬೆಲಚಾನ್ ಇರುತ್ತೆ, ಅಂದರೆ ಸಿಗಡಿಯ ಮುದ್ದೆ. ನಾಸಿ ಲೆಮಾಕ್ ಅನ್ನೋದು ತೆಂಗಿನ ಹಾಲಿನ ಅನ್ನ, ಪಕ್ಕದಲ್ಲಿ ಹುರಿದ ಕಡಲೆಕಾಯಿ ಜೊತೆ ಸಣ್ಣ ಒಣ ಮೀನು ಕಲಸಿಯೇ ಇಟ್ಟಿರುತ್ತಾರೆ. ಕ್ಯಾರೆಟ್ ಕೇಕ್ ಅಂತ ಬೋರ್ಡ್ ನೋಡಿ ಮಗು ಕೇಳಿದರೆ ಅದು ಸಿಹಿ ಕೇಕ್ ಅಲ್ಲ. ಮೂಲಂಗಿ, ಅಕ್ಕಿಹಿಟ್ಟು ಸೇರಿಸಿ ಮೊಟ್ಟೆಯಲ್ಲಿ ಹುರಿದದ್ದು. ಕಾಯಾ ಟೋಸ್ಟ್‌ನ ಹಸಿರು ಜಾಮ್‌ನಲ್ಲೂ ಮೊಟ್ಟೆ ಇದೆ. ನಿಮ್ಮ ಮಗಳು ಮೊಟ್ಟೆ ತಿಂತಾಳೆ ಅಂದರೆ ಅದು ಅವಳಿಗೆ ಖಂಡಿತ ಇಷ್ಟ ಆಗುತ್ತೆ.

ಪ್ರಾಟಾ ಸಿಗುತ್ತೆ, ನಮ್ಮ ಪರೋಟಾ ಥರ. ಜೊತೆಗೆ ಕೊಡೋ ಸಾರು ಮೀನಿನದ್ದೋ ಕುರಿಯದ್ದೋ ಇರುತ್ತೆ. "ಓನ್ಲಿ ದಾಲ್" ಅಂತ ಹೇಳಬೇಕು.

ಹಾಗಾಗಿ "ವೆಜ್ ಇದೆಯಾ" ಅಂತ ಕೇಳಬೇಡಿ. "ನೋ ಎಗ್, ನೋ ಫಿಶ್ ಸಾಸ್, ನೋ ಆಯ್ಸ್ಟರ್ ಸಾಸ್, ನೋ ಶ್ರಿಂಪ್" ಅಂತ ಒಂದೊಂದೇ ಹೇಳಿ. ಒಂದು ಚೀಟಿ ಬರೆದು ನಿಮ್ಮ ಮನೆಯವರ ಪರ್ಸ್‌ನಲ್ಲಿ ಇಡಿ. ತೋರಿಸಿದರೆ ಸಾಕು. ದೊಡ್ಡ ಹೋಟೆಲ್‌ಗಳಲ್ಲಿ ಇದನ್ನು ಬಹಳ ಗಂಭೀರವಾಗಿ ತಗೋತಾರೆ, ಒಳಗೆ ಹೋಗಿ ಬಾಣಸಿಗರನ್ನು ಕೇಳಿ ಬಂದು ಹೇಳುತ್ತಾರೆ.

ಇನ್ನೊಂದು ದಾರಿ ಇದೆ. ಚೀನಿ ಬೌದ್ಧರ ಸಸ್ಯಾಹಾರಿ ಅಂಗಡಿಗಳು. ಅಲ್ಲಿ ಮಾಂಸ ಇರಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಸಾಮಾನ್ಯವಾಗಿ ಹಾಕಲ್ಲ. ಆದರೆ ಸೋಯಾದಿಂದ ಮಾಡಿದ ಕೋಳಿ, ಬಾತುಕೋಳಿ ಆಕಾರದ ತುಂಡುಗಳನ್ನು ನೋಡಿ ಅವ್ವ ಗಾಬರಿ ಆಗಬಹುದು. ಮೊದಲೇ ಹೇಳಿಬಿಡಿ.

ವಿದ್ಯಾನಗರ ನಿವಾಸಿ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಕ್ಯಾಸಿನೊದ ಬಾಗಿಲೇ ಬೇರೆ ಅಂತ ನಕ್ಷೆ ತೋರಿಸಿ ಹೇಳಿದೆ. "ಪಾಸ್‌ಪೋರ್ಟ್ ಕೇಳ್ತಾರಾ? ಹಂಗಾದ್ರೆ ಸರಿ" ಅಂದರು. ಅರ್ಧ ಭಾರ ಇಳಿಯಿತು.

ಹರಿಹರದ ಹೊಳೆ ಅವರ ಪಟ್ಟಿಯನ್ನು ಹೆಂಡತಿ ಬರೆದುಕೊಂಡಿದ್ದಾಳೆ. ಈಗ ನನ್ನ ಪ್ರಶ್ನೆ: ದಿನನಿತ್ಯದ ಊಟ ಎಲ್ಲಿ? ಬೆಳಗಿನ ತಿಂಡಿ ಕೋಣೆ ಜೊತೆಗೇ ತಗೋಬೇಕಾ?

ಚಂದ್ರವಳ್ಳಿ

ಈಗ ಮುಖ್ಯ ವಿಷಯಕ್ಕೆ ಬಂದಿರಿ. ದಿನನಿತ್ಯದ ಊಟಕ್ಕೆ ಕಟ್ಟಡದಿಂದ ಹೊರಗೆ ಹೋಗಿ.

ಮಾಲ್‌ನ ಕೆಳಗೇ ಬೇಫ್ರಂಟ್ ಅಂತ ರೈಲು ನಿಲ್ದಾಣ ಇದೆ. ಬಿಸಿಲಿಗೆ, ಮಳೆಗೆ ಹೊರಗೆ ಬರೋದೇ ಬೇಡ. ಡೌನ್‌ಟೌನ್ ಮಾರ್ಗದ ರೈಲು ಹತ್ತಿದರೆ ಪ್ರೊಮೆನಾಡ್, ಬುಗಿಸ್, ರೋಚೋರ್, ಆಮೇಲೆ ಲಿಟಲ್ ಇಂಡಿಯಾ. ನಾಲ್ಕನೇ ನಿಲ್ದಾಣ. ರೈಲು ಬದಲಿಸೋದೂ ಇಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿಗೆ ವಿದೇಶಿ ಬಳಕೆ ಆನ್ ಮಾಡಿಕೊಂಡು ಹೋಗಿ, ಗೇಟಿಗೆ ಕಾರ್ಡ್ ಹಿಡಿದರೆ ತೆರೆಯುತ್ತೆ. ಎಲ್ಲಾ ನಿಲ್ದಾಣದಲ್ಲೂ ಲಿಫ್ಟ್ ಇದೆ, ಅವ್ವನಿಗೆ ಮೆಟ್ಟಿಲಿನ ಕಾಟ ಇಲ್ಲ. ರೈಲಿನಲ್ಲಿ ಮಾತ್ರ ಏನೂ ತಿನ್ನಬಾರದು, ನೀರೂ ಕುಡಿಯಬಾರದು. 500 ಡಾಲರ್‌ವರೆಗೆ ದಂಡ ಇದೆ. ಅಪ್ಪಾಜಿಗೆ ಸಕ್ಕರೆ ಕಾಯಿಲೆ ಇರೋದರಿಂದ ಹತ್ತೋ ಮುಂಚೆಯೇ ಒಂದು ಬಿಸ್ಕತ್ತು ತಿನ್ನಿಸಿ.

ಸೆರಂಗೂನ್ ರಸ್ತೆಗೆ ಕಾಲಿಟ್ಟ ಕೂಡಲೇ ಮಲ್ಲಿಗೆ ಹೂವಿನ ಅಂಗಡಿ, ಬಾಳೆ ಎಲೆ, ಸಾಂಬಾರಿನ ವಾಸನೆ. ನಮ್ಮ ನೆಂಟರ ಮುಖ ಅಲ್ಲಿಗೆ ಬಂದ ಮೇಲೇ ಅರಳುತ್ತೆ. ಕೋಮಳ ವಿಲಾಸ 1947ರಿಂದ ಇದೆ. ಆನಂದ ಭವನ ಇನ್ನೂ ಹಳೆಯದು, 1924ರದ್ದು. ಎರಡೂ ಸಸ್ಯಾಹಾರಿ. ಅಲ್ಲಿ ಸಾಸ್‌ಗಳ ಚೀಟಿ ತೋರಿಸೋ ಅಗತ್ಯವೇ ಇಲ್ಲ. ಬಾಳೆ ಎಲೆ ಮೇಲೆ ಅನ್ನ, ಸಾರು, ಪಲ್ಯ, ಮೊಸರು.

ಎಂಟಿಆರ್ ಕೂಡ ಇದೆ. ಬೆಂಗಳೂರಿನ ಅದೇ ಎಂಟಿಆರ್. 2013ರಲ್ಲಿ ಅಲ್ಲಿ ಶುರು ಮಾಡಿದರು. ಸೆರಂಗೂನ್ ರಸ್ತೆಯಲ್ಲೇ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು. ಲಿಟಲ್ ಇಂಡಿಯಾದಲ್ಲಿ ರೈಲು ಬದಲಿಸಿ ಒಂದೇ ನಿಲ್ದಾಣ ಮುಂದೆ ಹೋದರೆ ಫ್ಯಾರರ್ ಪಾರ್ಕ್, ಅಲ್ಲಿಂದ ಹತ್ತಿರ. ರವೆ ಇಡ್ಲಿ, ಬಿಸಿಬೇಳೆಬಾತ್, ಫಿಲ್ಟರ್ ಕಾಫಿ. ದೇವಸ್ಥಾನ ನೋಡಿಕೊಂಡು ತಿಂಡಿ ಮಾಡಿದರೆ ಅವ್ವನಿಗೆ ಆ ದಿನ ಸಾರ್ಥಕ ಅನ್ನಿಸುತ್ತೆ. ಮಧ್ಯಾಹ್ನ ಮಾತ್ರ ಇಂಥ ಕಡೆ ಕೆಲವು ಗಂಟೆ ಬಾಗಿಲು ಹಾಕಿರುತ್ತಾರೆ, ಹೊತ್ತು ನೋಡಿಕೊಂಡು ಹೋಗಿ.

ತಿಂಡಿ ಕೋಣೆ ಜೊತೆಗೆ ತಗೋಬೇಡಿ. ಅವ್ವ ಪೂಜೆ ಮುಗಿಸಿ ಇಳಿಯೋ ಹೊತ್ತಿಗೆ ಬಫೆ ಮುಗಿಯೋ ಸಮಯ ಆಗಿರುತ್ತೆ. ಅರ್ಧ ಪದಾರ್ಥ ಮೊಟ್ಟೆ, ಇನ್ನರ್ಧ ಮಾಂಸ. ಅವರು ಹಣ್ಣು, ಬ್ರೆಡ್ಡು ತಿಂದು ಏಳುತ್ತಾರೆ. ಅಷ್ಟು ದುಡ್ಡು ಅದಕ್ಕೆ ಯಾಕೆ?

ಪಿ.ಜೆ. ಬಡಾವಣೆ

ಚಂದ್ರವಳ್ಳಿ ಸರ್, ಎಲ್ಲಾ ಒಪ್ಪಿದೆ. ಒಂದು ಮಾತಿಗೆ ಮಾತ್ರ ನನ್ನ ಸಹಮತ ಇಲ್ಲ.

ಅಷ್ಟು ದೂರ ಹೋಗಿ, ಅಂಥ ಜಾಗದಲ್ಲಿ ಉಳಿದು, ಬರೀ ಇಡ್ಲಿ ಸಾಂಬಾರ್ ತಿಂದು ಬರೋದು ಸರಿ ಅಲ್ಲ. ನಮ್ಮ ಅಪ್ಪ ಬದುಕಿದ್ದಾಗ ಒಂದು ಸಲ ಅವರನ್ನು ದೊಡ್ಡ ಹೋಟೆಲ್‌ಗೆ ಕರೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ಬಿಳಿ ಬಟ್ಟೆ, ಮಡಿಸಿಟ್ಟ ನ್ಯಾಪ್‌ಕಿನ್, ಬಂದು ಬಗ್ಗಿ ಕೇಳೋ ಹುಡುಗ. ಅವರು ತಿಂದದ್ದು ಸ್ವಲ್ಪವೇ. ಆದರೆ ಆ ಕೂತ ರೀತಿ, ಟವೆಲ್ ಸರಿ ಮಾಡಿಕೊಂಡ ರೀತಿ ನನಗೆ ಈಗಲೂ ಕಣ್ಣ ಮುಂದೆ ಇದೆ. ಜೀವನವಿಡೀ ಗೋದಾಮಿನಲ್ಲಿ ದುಡಿದವರು. ಅವರಿಗೂ ಒಂದು ಸಲ ಹಾಗೆ ಕೂರೋ ಹಕ್ಕಿದೆ.

ಒಂದು ರಾತ್ರಿ ಒಳಗೇ ಉಣ್ಣಿಸಿ. ಖರ್ಚು ನೋಡಬೇಡಿ.

ಚಂದ್ರವಳ್ಳಿ

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಾನೂ ಅದನ್ನೇ ಹೇಳಬೇಕಿತ್ತು: ಒಂದು ಊಟ ಒಳಗೆ, ಚೆನ್ನಾಗಿ, ಆರಾಮವಾಗಿ. ಉಳಿದದ್ದು ಹೊರಗೆ. ಒಳಗೆ ಐದಾರು ಊಟವನ್ನು ಅರ್ಧಂಬರ್ಧ ಮಾಡೋದಕ್ಕಿಂತ ಇದು ಎಷ್ಟೋ ಮೇಲು.

ಆ ಒಂದು ಊಟಕ್ಕೆ ಪಂಜಾಬ್ ಗ್ರಿಲ್ ಸರಿ. ಮೆನು ಅರ್ಥ ಆಗುತ್ತೆ. ಬಿಸಿ ರೊಟ್ಟಿ ಬರುತ್ತೆ. ಅಪ್ಪಾಜಿ ತಾವೇ ಏನು ಬೇಕು ಅಂತ ಕೇಳಿ ತರಿಸಿಕೊಳ್ಳಬಹುದು. ವಯಸ್ಸಾದವರಿಗೆ ಅದೂ ಒಂದು ಗೌರವ. ಜಪಾನಿ ಹೋಟೆಲ್‌ನಲ್ಲಿ ಮಗ ಎಲ್ಲವನ್ನೂ ವಿವರಿಸಿ ಹೇಳಬೇಕಾದರೆ ಅವರು ಸುಮ್ನೆ ತಲೆ ಆಡಿಸುತ್ತಾ ಕೂರುತ್ತಾರೆ.

ಮೇಲೆ 57ನೇ ಮಹಡಿಯಲ್ಲಿ ಉಣ್ಣಬೇಕು ಅನ್ನೋರು ಜಾಸ್ತಿ. ನೋಟ ಅದ್ಭುತ, ಹಡಗುಗಳು ಸಾಲಾಗಿ ನಿಂತಿರೋದು ಕಾಣುತ್ತೆ. ಆದರೆ ನೀವು ಅಲ್ಲೇ ಉಳಿಯೋರು, ಊಟ ಮಾಡದೆಯೇ ಮೇಲೆ ಹೋಗಿ ನೋಡಬಹುದು. ಸುಮಾರು 150 ಮೀಟರ್ ಉದ್ದದ ಆ ಈಜುಕೊಳವೂ ಅಲ್ಲಿ ಉಳಿದವರಿಗೆ ಮಾತ್ರ. ನೋಟಕ್ಕೆ ಬೇರೆ, ಊಟಕ್ಕೆ ಬೇರೆ ಹೋಗಿ. ಸಂಜೆ ಮೇಲೆ ಹೋಗಿ ಸೂರ್ಯ ಮುಳುಗೋದು ನೋಡಿ, ಕೆಳಗೆ ಬಂದು ಉಣ್ಣಿ.

ಬಿಲ್ ವಿಷಯ ಒಂದು ತಿಳ್ಕೊಳ್ಳಿ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ, ಅದರ ಮೇಲೆ 10% ಸೇವಾ ಶುಲ್ಕ, ಆಮೇಲೆ ಅದೆಲ್ಲದರ ಮೇಲೆ ಜಿಎಸ್‌ಟಿ ಸೇರುತ್ತೆ. 2024ರಿಂದ ಜಿಎಸ್‌ಟಿ 9%. ಅಂದರೆ 100 ಡಾಲರ್ ಉಂಡರೆ 119 ಡಾಲರ್ 90 ಸೆಂಟ್ ಕೊಡಬೇಕು. ಡಾಲರ್‌ಗೆ 70 ರೂಪಾಯಿ ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ. ಬಿಲ್ ಬಂದಾಗ ಅಪ್ಪಾಜಿ ಎದುರು ಮುಖ ಬದಲಾಗಬಾರದು, ಅವರಿಗೆ ಉಂಡದ್ದು ಮೈಗೆ ಹತ್ತಲ್ಲ. ಟಿಪ್ಸ್ ಬೇರೆ ಕೊಡೋ ಪದ್ಧತಿ ಅಲ್ಲಿಲ್ಲ.

ಮಂಡಕ್ಕಿ ಮೆಣಸಿನಕಾಯಿ

ಬಿಲ್ ಮಗುಚಿ ಇಡೋ ಅಭ್ಯಾಸ ನನಗೂ ಇದೆ ಸರ್. ಅಪ್ಪಂದಿರು ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ.

ಮಾಲ್ ಒಳಗೆ ಫುಡ್ ಕೋರ್ಟ್ ಇಲ್ವಾ? ಅದು ಆಗಲ್ವಾ?

ಹರಿಹರದ ಹೊಳೆ

ಇದೆ. ರಸಪುರ ಮಾಸ್ಟರ್ಸ್ ಅಂತ, ಮಾಲ್‌ನ ಕೆಳಗಿನ ಮಹಡಿಯಲ್ಲಿ, ಒಳಗೇ ಹರಿಯೋ ಕಾಲುವೆಯ ಮಟ್ಟದಲ್ಲಿ. ಸಣ್ಣ ದೋಣಿಗಳು ಓಡಾಡುತ್ತಿರುತ್ತವೆ, ಮಗುವಿಗೆ ಖುಷಿ. ಬೇರೆ ಬೇರೆ ಅಂಗಡಿ, ಬೇಕಾದ್ದು ತಂದು ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು. ಸೇವಾ ಶುಲ್ಕ ಇರಲ್ಲ. ಸಿಂಗಪುರದ ಬೇರೆ ಫುಡ್ ಕೋರ್ಟ್‌ಗಳಿಗಿಂತ ಜಾಸ್ತಿ ಬೆಲೆ, ಆದರೆ ಆ ಕಟ್ಟಡದಲ್ಲಿ ಅದೇ ಕಡಿಮೆ.

ನಿಮ್ಮ ಮನೆಯವರಿಗೆ ಹಗಲು ಅದು ಒಳ್ಳೆಯ ಆಸರೆ. ಮಳೆ ಬಂದರೆ, ಅವ್ವನಿಗೆ ಕಾಲು ನೋವಾದರೆ, ಲಿಟಲ್ ಇಂಡಿಯಾದವರೆಗೆ ಹೋಗೋಕಾಗಲ್ಲ ಅಂದರೆ ಅಲ್ಲೇ ಇಳಿದು ಊಟ ಮುಗಿಸಬಹುದು. ಒಂದೇ ಪಾತ್ರೆಯಲ್ಲಿ ಎಲ್ಲಾ ಹುರಿಯೋ ಅಂಗಡಿ ಬಿಟ್ಟು ಭಾರತೀಯ ಊಟದ ಅಂಗಡಿ ನೋಡಿ.

ಊಟ ಆದ ಮೇಲೆ ತಟ್ಟೆ ಎತ್ತಿ ಅದರ ಜಾಗದಲ್ಲಿ ಇಡಬೇಕು. ಫುಡ್ ಕೋರ್ಟ್‌ಗಳಲ್ಲಿ 2022ರಿಂದ ಇದು ಕಡ್ಡಾಯ, ಬಿಟ್ಟು ಎದ್ದರೆ ಮೊದಲು ಎಚ್ಚರಿಕೆ, ಆಮೇಲೆ ದಂಡ. ನಮ್ಮ ಮನೆಗಳಲ್ಲಿ ಉಂಡ ಎಲೆ ತಾವೇ ಎತ್ತೋ ಹಿರಿಯರಿಗೆ ಇದೇನು ಹೊಸದಲ್ಲ. ಖಾಲಿ ಮೇಜಿನ ಮೇಲೆ ಟಿಶ್ಯೂ ಪಾಕೆಟ್ ಇಟ್ಟಿದ್ದರೆ ಅಲ್ಲಿ ಕೂರಬೇಡಿ, ಯಾರೋ ಹಿಡಿದಿದ್ದಾರೆ ಅಂತ ಅರ್ಥ. ನೀವೂ ಹಾಗೇ ಇಟ್ಟು ಹೋಗಬಹುದು.

ಕಾಫಿ ಬೇಕಂದರೆ ಅಲ್ಲಿನ ಕೋಪಿಗೆ ಸಿಹಿ ಮಂದಹಾಲು ಹಾಕಿರುತ್ತಾರೆ. ಅಪ್ಪಾಜಿಗೆ "ಕೋಪಿ ಸಿ ಕೊಸೊಂಗ್" ಅಂತ ಕೇಳಿ. ಹಾಲು ಇರುತ್ತೆ, ಸಕ್ಕರೆ ಇರಲ್ಲ.

ವಿದ್ಯಾನಗರ ನಿವಾಸಿ

ಕೋಪಿ ಸಿ ಕೊಸೊಂಗ್ ಅಂತ ಅಪ್ಪ ಬೆಳಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದಾರೆ!

ಸಮಯದ ವಿಷಯ ಒಂದು ಅನುಮಾನ. ಅಲ್ಲಿ ಎರಡೂವರೆ ಗಂಟೆ ಮುಂದೆ ಅಲ್ವಾ? ಮಾತ್ರೆ, ಊಟ ಹೇಗೆ ಹೊಂದಿಸೋದು?

ಚಂದ್ರವಳ್ಳಿ

ಬಹಳ ಒಳ್ಳೆಯ ಪ್ರಶ್ನೆ. ಎಲ್ಲಿ ಉಣ್ಣಬೇಕು ಅನ್ನೋದನ್ನು ಅರ್ಧ ತೀರ್ಮಾನ ಮಾಡೋದು ಈ ಎರಡೂವರೆ ಗಂಟೆಯೇ.

ಊರಲ್ಲಿ ಅಪ್ಪಾಜಿ ಮಧ್ಯಾಹ್ನ ಒಂದೂವರೆಗೆ ಉಣ್ಣುತ್ತಾರೆ ಅಂದುಕೊಳ್ಳಿ. ಅಲ್ಲಿ ಆಗ ನಾಲ್ಕು ಗಂಟೆ. ಆ ಹೊತ್ತಿಗೆ ಒಳ್ಳೆಯ ಹೋಟೆಲ್‌ಗಳ ಅಡುಗೆಮನೆ ಮುಚ್ಚಿರುತ್ತೆ, ಸಂಜೆ ಆರಕ್ಕೆ ತೆರೆಯುತ್ತಾರೆ. ಅಲ್ಲಿನವರು ಉಣ್ಣೋ ಹನ್ನೆರಡಕ್ಕೆ ಕೂರಿಸಿದರೆ ನಮ್ಮ ಲೆಕ್ಕದಲ್ಲಿ ಅದು ಬೆಳಗ್ಗೆ ಒಂಬತ್ತೂವರೆ. ಹಸಿವೇ ಇರಲ್ಲ. ದುಬಾರಿ ಊಟ ತಟ್ಟೆಯಲ್ಲೇ ಉಳಿಯುತ್ತೆ. ರಾತ್ರಿಯೂ ಹೀಗೇ. ಎಂಟೂವರೆಗೆ ಉಣ್ಣೋ ಅಭ್ಯಾಸ ಇದ್ದರೆ ಅಲ್ಲಿ ಹನ್ನೊಂದು ಆಗಿರುತ್ತೆ.

ಹಾಗಾಗಿ ಮೊದಲ ದಿನ ಯಾವ ದೊಡ್ಡ ಹೋಟೆಲನ್ನೂ ಬುಕ್ ಮಾಡಬೇಡಿ. ಫುಡ್ ಕೋರ್ಟ್ ಅಥವಾ ಕೋಮಳ ವಿಲಾಸದಂಥ ದಿನವಿಡೀ ತೆರೆದಿರೋ ಜಾಗ ಸಾಕು. ಹಸಿವಾದಾಗ ಉಣ್ಣಲಿ. ಎರಡನೇ ದಿನದಿಂದ ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಎಂಟೂವರೆ-ಒಂಬತ್ತಕ್ಕೆ ತನ್ನಿ. ಆಮೇಲೆ ಪಂಜಾಬ್ ಗ್ರಿಲ್. ಮಾತ್ರೆ ಹೇಗೆ ಹೊಂದಿಸಬೇಕು ಅನ್ನೋದನ್ನು ಅವರ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ, ಜೊತೆಗೆ ಚೀಟಿ ಇರಲಿ.

ಅಂದ ಹಾಗೆ ರಾತ್ರಿ ಎಂಟಕ್ಕೂ ಒಂಬತ್ತಕ್ಕೂ ಮಾಲ್ ಮುಂದಿನ ನೀರಿನ ಮೇಲೆ ಬೆಳಕಿನ ಪ್ರದರ್ಶನ ಇರುತ್ತೆ, ಸ್ಪೆಕ್ಟ್ರಾ ಅಂತ. ಗೋಪುರಗಳ ಹಿಂಭಾಗದ ಗಾರ್ಡನ್ಸ್ ಬೈ ದಿ ಬೇ ಅನ್ನೋ ತೋಟದಲ್ಲಿ 7.45ಕ್ಕೂ 8.45ಕ್ಕೂ ಇನ್ನೊಂದು. ಎರಡೂ ಪುಕ್ಕಟೆ. ಒಂದೇ ರಾತ್ರಿ ಎರಡನ್ನೂ ನೋಡಿಸೋಕೆ ಓಡಾಡಿಸಬೇಡಿ. ಎಂಟರದ್ದು ನೋಡಿ, ಎಂಟೂವರೆಗೆ ಊಟಕ್ಕೆ ಕೂತರೆ ಹೊಟ್ಟೆಗೂ ಸರಿ, ಕಾಲಿಗೂ ಸರಿ.

ಶಾಂತಿಸಾಗರ

ಕೋಣೆಯ ಫ್ರಿಡ್ಜ್ ಬಗ್ಗೆ ಒಂದು ಮಾತು. ನಮ್ಮ ಚಿಕ್ಕಪ್ಪ ವಿದೇಶದ ಒಂದು ದೊಡ್ಡ ಹೋಟೆಲ್‌ನಲ್ಲಿ ಮೊಸರಿನ ಡಬ್ಬಿ ಇಡೋಕೆ ಅಂತ ಮಿನಿಬಾರ್‌ನ ಬಾಟಲಿಗಳನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಒಂದನ್ನೂ ತೆರೆದಿರಲಿಲ್ಲ. ಬಿಡುವಾಗ ಎಲ್ಲದಕ್ಕೂ ದುಡ್ಡು ಹಾಕಿದ್ದರು. ಬಾಟಲಿಯ ಕೆಳಗೆ ಸೆನ್ಸರ್ ಇತ್ತಂತೆ, ಎತ್ತಿದರೆ ಬಿಲ್. ಕೌಂಟರ್‌ನಲ್ಲಿ ಅರ್ಧ ಗಂಟೆ ವಾದ ಮಾಡಿ ತೆಗೆಸಬೇಕಾಯ್ತು. ವಯಸ್ಸಾದವರಿಗೆ ಅದೊಂದು ಅವಮಾನ ಅನ್ನಿಸಿಬಿಡುತ್ತೆ. ಒಳಗೆ ಹೋದ ಕೂಡಲೇ ರಿಸೆಪ್ಷನ್‌ಗೆ ಫೋನ್ ಮಾಡಿ "ಔಷಧಿ ಇಡೋಕೆ ಫ್ರಿಡ್ಜ್ ಖಾಲಿ ಮಾಡಿಕೊಡಿ" ಅಂತ ಕೇಳಿ.

ಹಾಗೇ ಒಂದು ಪ್ರಶ್ನೆ. ಗೆಳೆಯರೆಲ್ಲ ಗೋವಾಕ್ಕೆ ಹೊರಟಿದ್ದೇವೆ. ಮಾಂಡೋವಿ ನದಿಯ ಕ್ಯಾಸಿನೊ ಹಡಗಿನ ಊಟ ಹೇಗೆ?

ಬಾತಿ ಗುಡ್ಡ

ಗೋವಾ ಹಡಗುಗಳಲ್ಲಿ ಪ್ರವೇಶದ ಟಿಕೆಟ್‌ನಲ್ಲೇ ಬಫೆ ಸೇರಿರುತ್ತೆ. ಸಸ್ಯಾಹಾರವೂ ಇರುತ್ತೆ. ಆದರೆ ಅಲ್ಲಿ ಊಟ ಇರೋದೇ ನಿಮ್ಮನ್ನು ಹಡಗಿನಲ್ಲಿ ಕೂರಿಸಿಕೊಳ್ಳೋಕೆ. ಉಣ್ಣೋದೇ ಆಸೆಯಾದರೆ ಪಣಜಿ ಪೇಟೆಯಲ್ಲಿ ಉಣ್ಣಿ ತಮ್ಮಾ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಹೇಳುತ್ತೇನೆ.

ಕೋಟೆನಾಡು

ಊರಿಂದ ಏನು ಒಯ್ಯಬಹುದು ಅಂತ ಯಾರೂ ಬರೆದಿಲ್ಲ. ನಿಪ್ಪಟ್ಟು, ಚಕ್ಕುಲಿ, ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ ಒಯ್ಯಿರಿ. ಲಿಂಗಪೂಜೆ ಮುಗಿದ ಮೇಲೆ ಅವ್ವನಿಗೆ ಕೋಣೆಯಲ್ಲೇ ರೊಟ್ಟಿ, ಚಟ್ನಿಪುಡಿ, ಮೊಸರು ಆಗಿಬಿಟ್ಟರೆ ತಿಂಡಿಯ ಚಿಂತೆಯೇ ಇಲ್ಲ. ಮೊಸರು ಲಿಟಲ್ ಇಂಡಿಯಾದಲ್ಲಿ ಹಿಂದಿನ ಸಂಜೆಯೇ ತಂದಿಡಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ಕೊಳ್ಳಬೇಡಿ. ಚ್ಯೂಯಿಂಗ್ ಗಮ್ ಒಯ್ಯಬೇಡಿ. ಗುಟ್ಕಾ, ಜಗಿಯೋ ತಂಬಾಕು ಅಂತೂ ಯಾರ ಚೀಲದಲ್ಲೂ ಇರಬಾರದು, ಎರಡಕ್ಕೂ ಅಲ್ಲಿ ನಿಷೇಧ ಇದೆ.

ಹರಿಹರದ ಹೊಳೆ

ಟ್ಯಾಕ್ಸಿ ವಿಷಯವೂ ಸೇರಿಸುತ್ತೇನೆ. ಮಗು 1.35 ಮೀಟರ್‌ಗಿಂತ ಕುಳ್ಳಗಿದ್ದರೆ ಕಾರಿನಲ್ಲಿ ಮಕ್ಕಳ ಸೀಟು ಬೇಕು ಅನ್ನೋದು ಅಲ್ಲಿನ ಕಾನೂನು. ಮಾಮೂಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರೋ ಖಾಸಗಿ ಕಾರಿಗೆ ಇಲ್ಲ. ಏಳು ವರ್ಷದ ಮಗು ಇರೋದರಿಂದ ಹೋಟೆಲ್ ಮುಂದಿನ ಟ್ಯಾಕ್ಸಿ ಸಾಲಿನಲ್ಲೇ ನಿಲ್ಲಿ. ರಾತ್ರಿ ಅವ್ವ ದಣಿದಿದ್ದರೆ ಲಿಟಲ್ ಇಂಡಿಯಾದಿಂದ ಟ್ಯಾಕ್ಸಿಯಲ್ಲೇ ವಾಪಸ್ ಬನ್ನಿ. ಅದು ದುಂದು ಅಲ್ಲ.

ವಿದ್ಯಾನಗರ ನಿವಾಸಿ

ಮನೆಯವರೆಲ್ಲ ಕೂತು ಹೀಗೆ ಮಾಡಿಕೊಂಡಿದ್ದೇವೆ. ಬೆಳಗ್ಗೆ ಕೋಣೆಯಲ್ಲೇ ರೊಟ್ಟಿ, ಮೊಸರು. ಮೊದಲ ದಿನ ಫುಡ್ ಕೋರ್ಟ್. ಆಮೇಲೆ ಮಧ್ಯಾಹ್ನ ಹೆಂಡತಿ ಎಲ್ಲರನ್ನೂ ರೈಲಿನಲ್ಲಿ ಲಿಟಲ್ ಇಂಡಿಯಾಗೆ ಕರೆದುಕೊಂಡು ಹೋಗುತ್ತಾಳೆ. ನನ್ನ ಸಭೆ ಮುಗಿಯೋ ದಿನ ಸಂಜೆ ಮೇಲಿನ ಮಹಡಿ, ಎಂಟಕ್ಕೆ ಸ್ಪೆಕ್ಟ್ರಾ, ಎಂಟೂವರೆಗೆ ಪಂಜಾಬ್ ಗ್ರಿಲ್. ಹೊರಡೋ ದಿನ ಪೆರುಮಾಳ್ ದೇವಸ್ಥಾನ, ಎಂಟಿಆರ್. ಆ ದಿನ ಸೋಮವಾರ, ಅವ್ವನದು ಒಪ್ಪತ್ತು. ಅದೊಂದು ಊಟ ಸರಿಯಾಗಿ ಆಗಬೇಕು.

ಪಿ.ಜೆ. ಬಡಾವಣೆ ಅವರೇ, ನಿಮ್ಮ ಮಾತು ಓದಿ ಹೆಂಡತಿ ಅಪ್ಪನಿಗೆ ಹೊಸ ಬಿಳಿ ಅಂಗಿ ಹೊಲಿಸೋಕೆ ಕೊಟ್ಟಿದ್ದಾಳೆ.

ಚಂದ್ರವಳ್ಳಿ

ಎಲ್ಲಾ ಚೆನ್ನಾಗಿದೆ. ಒಂದು ಬದಲಾವಣೆ. ಸೋಮವಾರ ಅಲ್ಲಿ ಕೆಲವು ಹೋಟೆಲ್‌ಗಳಿಗೆ ರಜೆ ಇರುತ್ತೆ. ಎಂಟಿಆರ್‌ಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮುಚ್ಚಿದ್ದರೆ ಎಂಟಿಆರ್ ಭಾನುವಾರಕ್ಕೆ ಇಟ್ಟುಕೊಳ್ಳಿ, ಸೋಮವಾರ ಕೋಮಳ ವಿಲಾಸಕ್ಕೆ ಹೋಗಿ. ಭಾನುವಾರ ಸಂಜೆ ಲಿಟಲ್ ಇಂಡಿಯಾದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅವ್ವನನ್ನು ಬೆಳಗ್ಗೆಯೇ ಕರೆದುಕೊಂಡು ಹೋಗಿ.